"ಎಲ್ಲ ಸೈಕಲ್ಲಿಗೂ ಆಗುತ್ತದೆ" ಎಂದು ಕೊಡುವ ಬ್ರೇಕ್ ಲಿವರ್: ದಯವಿಟ್ಟು ಎಚ್ಚರ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಏರಿಳಿತದ ರಸ್ತೆಗಳಲ್ಲಿ ಹಳೆಯ ರ‍್ಯಾಲಿ ಸೈಕಲ್ಲನ್ನು ಇನ್ನೂ ಓಡಿಸುತ್ತಿರುವವರು ಇದನ್ನು ದಯವಿಟ್ಟು ಓದಬೇಕು. ಕಾಸರಗೋಡು ಪೇಟೆಯ ಅಂಗಡಿಯೊಂದರ ಮುಂದೆ ಸೈಕಲ್ಲನ್ನೇ ನಿಲ್ಲಿಸಿ, ಸೈಡ್‌ಪುಲ್ ಕ್ಯಾಲಿಪರನ್ನು (ಒಂದು ಬದಿಯಿಂದ ಕೇಬಲ್ ಎಳೆದಾಗ ರಿಮ್ಮನ್ನು ಇಕ್ಕಳದಂತೆ ಹಿಡಿಯುವ ಬ್ರೇಕನ್ನು) ಬೆರಳಿಟ್ಟು ತೋರಿಸಿ, ಇದಕ್ಕೆ ಹೊಂದುವ ಲಿವರ್ ಬೇಕೆಂದು ಕೇಳಿದ್ದೆ. ಕೊಟ್ಟದ್ದು ವಿ-ಬ್ರೇಕಿನ, ಅಂದರೆ ಚಕ್ರದ ಎರಡು ಬದಿಗೂ ಉದ್ದನೆಯ ತೋಳುಗಳಿರುವ ಹೊಸ ಬಗೆಯ ಬ್ರೇಕಿನ ಲಿವರ್. ಅದು ಹ್ಯಾಂಡಲಿಗೆ ಸರಿಯಾಗಿಯೇ ಕೂರುತ್ತದೆ, ಕೇಬಲಿನ ತಲೆಯೂ ಸರಿಯಾಗಿಯೇ ಸಿಕ್ಕಿಕೊಳ್ಳುತ್ತದೆ. ಮೋಸ ಕಣ್ಣಿಗೆ ಬೀಳುವುದೇ ಇಲ್ಲ.

ಇಳಿಜಾರಿನಲ್ಲಿ ಗೊತ್ತಾಯಿತು. ಲಿವರ್ ಒಂದಿಷ್ಟು ಒಳಗೆ ಬಂದು ಕಲ್ಲಿನಂತೆ ನಿಂತಿತು, ರಬ್ಬರ್ ರಿಮ್ಮಿಗೆ ತಾಗಿತು, ಸೈಕಲ್ ಮಾತ್ರ ನಿಲ್ಲಲಿಲ್ಲ. ಬಸ್ಸಿಗೆ ಕಾದು ನಿಂತವರೆಲ್ಲ ನೋಡುತ್ತಿದ್ದಂತೆ ಚಪ್ಪಲಿಯನ್ನು ನೆಲಕ್ಕೆ ಉಜ್ಜಿಕೊಂಡು ನಿಲ್ಲಿಸಬೇಕಾಯಿತು.

ಅಂಗಡಿಯವರ ಉತ್ತರಗಳನ್ನು ಕೇಳಿ. ಮೊದಲು, "ಹೊಸ ಕೇಬಲ್, ಹದವಾಗುತ್ತದೆ." ಆಮೇಲೆ, "ಉಕ್ಕಿನ ರಿಮ್ಮು, ಮಳೆಗೆ ಹಾಗೆಯೇ." ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕ್ ಹಿಡಿಯದೆಂಬುದು ನಿಜ, ಆದರೆ ಅಂದು ಒಂದು ಹನಿಯೂ ಬಿದ್ದಿರಲಿಲ್ಲ. ಕೊನೆಗೆ, ಬೇರೆ ಗಿರಾಕಿಗಳ ಎದುರಿನಲ್ಲಿ, "ನಿಮ್ಮ ಕೈಗೆ ಬಲ ಸಾಲದು ಮಾಷ್ಟ್ರೇ" ಎಂದು ನಕ್ಕರು. ಕೈಗೆ ಬಲ ಸಾಲದಂತೆ!

ನೀರ್ಚಾಲಿನ ಒಬ್ಬ ಹಳೆಯ ಮೆಕ್ಯಾನಿಕ್ ಸ್ಕೇಲು ಹಿಡಿದು ತೋರಿಸಿದಾಗ ಮೈ ಉರಿಯಿತು. ಲಿವರ್ ತಿರುಗುವ ಮೊಳೆಯಿಂದ ಕೇಬಲ್ ಸಿಕ್ಕಿಸುವ ಜಾಗದವರೆಗೆ ಸುಮಾರು 30 ಮಿಲಿಮೀಟರ್ ಇದ್ದರೆ ಅದು ವಿ-ಬ್ರೇಕಿನದು; ಹಳೆಯ ಕ್ಯಾಲಿಪರಿಗೆ ಬೇಕಾದದ್ದು 20ರ ಆಸುಪಾಸಿನದು. ವಿ-ಬ್ರೇಕಿನ ಲಿವರ್ ಹೆಚ್ಚು ಕೇಬಲ್ ಎಳೆಯುತ್ತದೆ, ಅದಕ್ಕೆ ತಕ್ಕಂತೆ ಬಲವನ್ನು ಕಳೆದುಕೊಳ್ಳುತ್ತದೆ, ಆದ್ದರಿಂದಲೇ ಎಷ್ಟು ಹಿಚುಕಿದರೂ ಹಿಡಿತವಿಲ್ಲ. ತಿರುವುಮುರುವಾಗಿ ಹಾಕಿದರೆ, ಅಂದರೆ ಹಳೆಯ ಲಿವರನ್ನು ವಿ-ಬ್ರೇಕಿಗೆ ಕಟ್ಟಿದರೆ, ಬ್ರೇಕ್ ಹಿಡಿಯುವ ಮೊದಲೇ ಅದು ಹ್ಯಾಂಡಲಿಗೆ ಬಂದು ತಾಗುತ್ತದೆ. ಕೇಬಲಿನ ಬದಲು ಸರಳಿನಿಂದ ನಡೆಯುವ ಬ್ರೇಕಿರುವ ಕಪ್ಪು ಸೈಕಲ್ಲಿಗಂತೂ ಇವೆರಡೂ ನಡೆಯವು. ಕೇಬಲ್ ಸಿಕ್ಕಿಸುವ ಜಾಗವನ್ನು ಬದಲಿಸಬಹುದಾದ ಲಿವರುಗಳೂ ಇವೆ. ಎಲ್ಲದಕ್ಕೂ ಆಗುತ್ತದೆಂಬ ಮಾತು ಸ್ವಲ್ಪವಾದರೂ ಸಲ್ಲುವುದು ಅವುಗಳಿಗೆ ಮಾತ್ರ, ನನಗೆ ಕೊಟ್ಟದ್ದು ಅದೂ ಅಲ್ಲ.

ಹಿಂದಿರುಗಿಸಲು ಹೋದರೆ, "ಬಳಸಿದ ಸಾಮಾನು ವಾಪಸಿಲ್ಲ." ಬಳಸದೆ ಬ್ರೇಕ್ ಹಿಡಿಯುವುದಿಲ್ಲವೆಂದು ತಿಳಿಯುವುದಾದರೂ ಹೇಗೆ? ಸ್ಕೇಲು ಕಿಸೆಯಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ, ಬಿಲ್ಲಿನಲ್ಲಿ "ಕ್ಯಾಲಿಪರ್ ಬ್ರೇಕಿನ ಲಿವರ್" ಎಂದು ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವವರಿಗೆ ದುಡ್ಡು ಕೊಡಬೇಡಿ.