ಗಾಳಿ ವೇಪೊರೈಸರ್ ಜೋಡಿಯೋ, ಬಿಸಿನೀರಿನ ತೊಟ್ಟಿಯೋ?

ದ್ರವ ಸಾರಜನಕವನ್ನು ಅನಿಲ ಮಾಡಲು ಎರಡು ಬಗೆಯ ವೇಪೊರೈಸರ್‌ಗಳನ್ನೂ ಓಡಿಸಿ ನೋಡಿದ್ದೇನೆ. ನನ್ನ ಮತ ಗಾಳಿಯ ಶಾಖದಲ್ಲೇ ಕೆಲಸ ಮಾಡುವ ಅಲ್ಯೂಮಿನಿಯಂ ಫಿನ್ (ಕೊಳವೆಗೆ ಅಂಟಿದ ರೆಕ್ಕೆಯಂಥ ಪಟ್ಟಿ) ವೇಪೊರೈಸರ್‌ಗೆ. ಆದರೆ ಒಂದು ಸಾಲದು, ಜೋಡಿ ಬೇಕು.

ಮೊದಲು ಒಂದನ್ನೇ ಕೊಂಡು ಕೆಟ್ಟೆ. ಗಂಟೆಗೆ 100 ಕೆ.ಜಿ. ಎಂದು ಬರೆದಿದ್ದ ಸಾಮರ್ಥ್ಯ 8 ಗಂಟೆಯ ಓಟಕ್ಕೆ ಮಾತ್ರ. ನಮ್ಮ ಕೆಲಸ ಹಗಲೂ ರಾತ್ರಿ ನಡೆಯುವಂಥದ್ದು.

ಮೈನಸ್ 196 ಡಿಗ್ರಿಯ ದ್ರವ ಕೆಳಗಿನಿಂದ ಒಳಹೊಕ್ಕ ಕೂಡಲೇ ಅಲ್ಲಿನ ಫಿನ್‌ಗಳ ಮೇಲೆ ಹತ್ತಿಯಂಥ ಬಿಳಿ ಹಿಮ ಕೂರುತ್ತದೆ. ಅದರೊಳಗೆ ಗಾಳಿ ಸಿಕ್ಕಿಕೊಂಡಿರುವುದರಿಂದ ಕಂಬಳಿ ಹೊದಿಸಿದ ಹಾಗೆ, ಶಾಖ ಒಳಗಿಳಿಯುವುದಿಲ್ಲ. ಹೊತ್ತು ಹೋದಂತೆ ಹಿಮ ಗಟ್ಟಿಯಾಗಿ, ಅಕ್ಕಪಕ್ಕದ ಫಿನ್‌ಗಳ ಗಡ್ಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಗಾಳಿ ಆಡುವುದಕ್ಕೇ ದಾರಿಯಿಲ್ಲ. ಬಿಳುಪು ಒಂದೊಂದೇ ಗೇಣು ಮೇಲೇರುತ್ತದೆ. ಒಂದು ಬೆಳಗಿನ ಜಾವ ನೋಡಿದರೆ ವೇಪೊರೈಸರ್ ದಾಟಿ ಮುಂದಿನ ಪೈಪೂ ಬೆಳ್ಳಗಾಗಿತ್ತು. ಆ ಪೈಪು ಕಾರ್ಬನ್ ಸ್ಟೀಲಿನದು. ಅಷ್ಟು ತಂಡಿಗೆ ಅದು ಗಾಜಿನಂತೆ ಒಡೆಯಬಹುದು. ಕಡಿಮೆ ತಾಪಕ್ಕೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಇದ್ದುದರಿಂದ ಪೈಪು ಉಳಿಯಿತು, ಅನಿಲ ಮಾತ್ರ ನಿಂತುಹೋಯಿತು. ಹೋಸ್ ಹಿಡಿದು ನೀರು ಬಿಟ್ಟು ಗಡ್ಡೆ ಕರಗಿಸುವಷ್ಟರಲ್ಲಿ ಸಾಕುಸಾಕಾಯಿತು.

ಹಾಗೆಂದು ಬಿಸಿನೀರಿನ ತೊಟ್ಟಿಗೆ ಹೋದೆ: ಹೀಟರ್ ಕಾಯಿಸಿದ ನೀರಿನಲ್ಲಿ ಮುಳುಗಿದ ಕಾಯಿಲ್, ಅಂದರೆ ಸುರುಳಿ ಕೊಳವೆಯೊಳಗೆ ದ್ರವ ಹರಿದು ಅನಿಲವಾಗುತ್ತದೆ. ಹಿಮದ ಕಾಟವಿಲ್ಲ, ಜಾಗ ಕಡಿಮೆ, ಹೊರಬರುವ ಅನಿಲದ ತಾಪ ಒಂದೇ ಸಮ. ಆದರೆ ಲೆಕ್ಕ ಹಾಕಿ: ಒಂದು ಕೆ.ಜಿ. ಕುದಿಯಲು ಸುಮಾರು 200 ಕಿಲೋಜೂಲ್, ಅದನ್ನು 20 ಡಿಗ್ರಿಗೆ ತರಲು ಇನ್ನೂ 225ರಷ್ಟು. ಗಂಟೆಗೆ 100 ಕೆ.ಜಿ. ಎಂದರೆ ಸುಮಾರು 12 ಕಿಲೋವಾಟ್, ಬಿಡುವಿಲ್ಲದೆ. ಕರೆಂಟ್ ಬಿಲ್ಲಿನ ಭಾರ ಒಂದೆಡೆ. ಹೀಟರ್ ಟ್ರಿಪ್ ಆದಾಗ ಹರಿವು ನಿಲ್ಲಿಸದಿದ್ದರೆ ಕಾಯಿಲ್ ಸುತ್ತ ನೀರೇ ಹೆಪ್ಪುಗಟ್ಟುತ್ತದೆ, ಆ ಭಯ ಇನ್ನೊಂದೆಡೆ.

ಈಗ ಒಂದೇ ಅಳತೆಯ ಎರಡು ಗಾಳಿ ವೇಪೊರೈಸರ್, ಫಿನ್‌ಗಳ ನಡುವೆ ಹೆಚ್ಚು ಅಂತರ. ಒಂದು ದುಡಿಯುವಾಗ ಇನ್ನೊಂದು ಕರಗುತ್ತಿರುತ್ತದೆ. ಪ್ರತಿ ಪಾಳಿಗೂ ಒಂದು ಸುತ್ತು ಹಾಕಿ ಬಿಳುಪು ಎಲ್ಲಿಗೇರಿದೆ ನೋಡುವುದು ನನಗೆ ರೂಢಿ, ಹಾಗಾಗಿ ಕೈಯಲ್ಲೇ ವಾಲ್ವ್ ತಿರುಗಿಸಿ ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತೇನೆ. ತೇವದ ಚಳಿಯ ದಿನಗಳಲ್ಲಿ ಗಡ್ಡೆ ಪೂರ್ತಿ ಕರಗುವುದಿಲ್ಲ, ಆಗ ಬೇಗ ಬೇಗ ಬದಲಿಸಬೇಕು. ಕರಗಿದ ನೀರಿಗೆ ಕೆಳಗೆ ಚರಂಡಿ ಬಿಡಿ. ಜಾಗ ಇಕ್ಕಟ್ಟಾಗಿದ್ದು, ಅಲ್ಪ ಹೊತ್ತಿಗೆ ಭಾರಿ ಹರಿವು ಬೇಕಾದವರಿಗೆ ತೊಟ್ಟಿಯೇ ಸರಿ. ನನಗಂತೂ ಕರೆಂಟ್ ಹೋದರೂ ಅನಿಲ ಬರುತ್ತಲೇ ಇರಬೇಕು.