ಧೂಮಕೇತು ಕ್ಯಾಂಪಿಗೆ ದುಡ್ಡು ಕಟ್ಟೋ ಮುಂಚೆ ಇದನ್ನು ಓದಿ

ಬರಿಗಣ್ಣಿಗೆ ಕಾಣುವ ಧೂಮಕೇತು ಬರುತ್ತಿದೆ ಅಂತ ಸುದ್ದಿಯಾದರೆ ಸಾಕು, ಬೆಂಗಳೂರಿನ ಸುತ್ತಮುತ್ತ ಕ್ಯಾಂಪುಗಳ ಜಾಹೀರಾತು ಶುರುವಾಗುತ್ತದೆ. ಟೆಂಟು, ಊಟ, ಟೆಲಿಸ್ಕೋಪು, ಜೊತೆಗೆ 'ರಾತ್ರಿಯಿಡೀ ಧೂಮಕೇತು ಫೋಟೋಗ್ರಫಿ'. ಇಂಥದ್ದೊಂದಕ್ಕೆ ಹೋಗಿ ದುಡ್ಡೂ ಕಳೆದುಕೊಂಡೆ, ಕ್ಯಾಮೆರಾ ಸೆನ್ಸಾರ್ (ಬೆಳಕನ್ನು ಚಿತ್ರವಾಗಿಸುವ ಒಳಗಿನ ಚಿಪ್) ಕೂಡ ಹಾಳಾಯಿತು. ನಿಮಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

2024ರ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ನೆನಪಿದೆ ಅಲ್ವಾ? ಸೆಪ್ಟೆಂಬರ್ 27ಕ್ಕೆ ಸೂರ್ಯನಿಗೆ ಅತಿ ಹತ್ತಿರ ಬಂತು. ಆ ದಿನಗಳಲ್ಲಿ ಬೆಳಗಿನ ಜಾವ ಪೂರ್ವದಲ್ಲಿ ಕಾಣುತ್ತಿತ್ತು, ಆಮೇಲೆ ಆಕಾಶದಲ್ಲಿ ಸೂರ್ಯನ ಇನ್ನೊಂದು ಬದಿಗೆ ದಾಟಿ ಸಂಜೆಯ ಪಶ್ಚಿಮಕ್ಕೆ ಬಂತು. ಭೂಮಿಗೆ ಅತಿ ಹತ್ತಿರ ಬಂದಿದ್ದು ಅಕ್ಟೋಬರ್ 12ಕ್ಕೆ, ಸುಮಾರು 7 ಕೋಟಿ ಕಿಲೋಮೀಟರ್ ದೂರದಲ್ಲಿ. ಅವತ್ತು ಶನಿವಾರ, ವಿಜಯದಶಮಿ ಬೇರೆ. ಚಿಕ್ಕಬಳ್ಳಾಪುರದ ಕಡೆ ಒಂದು ತೋಟದಲ್ಲಿ ಕ್ಯಾಂಪ್ ಇದೆ, ತಲೆಗೆ 2,500 ರೂಪಾಯಿ ಅಂದರು. ಹೊರಡುವ ಮುಂಚೆ ಫೋನ್ ಮಾಡಿ, ಪಶ್ಚಿಮ ದಿಕ್ಕು ಪೂರ್ತಿ ತೆರೆದಿದೆಯಾ ಅಂತ ಕೇಳಿದ್ದೆ. '360 ಡಿಗ್ರಿ ವ್ಯೂ ಸರ್, ಏನೂ ಯೋಚನೆ ಮಾಡಬೇಡಿ' ಅನ್ನುವ ಉತ್ತರ ಬಂತು.

ಹೋಗಿ ನೋಡಿದರೆ ಸರಿಯಾಗಿ ಪಶ್ಚಿಮಕ್ಕೇ ಗುಡ್ಡ. ತೋಳು ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಹೆಚ್ಚುಕಡಿಮೆ 10 ಡಿಗ್ರಿ ಮುಚ್ಚುತ್ತದೆ. ಗುಡ್ಡದ ನೆತ್ತಿ ನನ್ನ ಮುಷ್ಟಿಗಿಂತ ಮೇಲಿತ್ತು. ಅವತ್ತು ಸೂರ್ಯ ಮುಳುಗಿದ್ದು ಆರು ಗಂಟೆಯ ಆಸುಪಾಸು, ಧೂಮಕೇತು ಮುಳುಗೋದು ಅದಾಗಿ ಒಂದು ಗಂಟೆ ಹೊತ್ತಿಗೆ. ಆಕಾಶ ಸ್ವಲ್ಪ ಕಪ್ಪಾಗಿ ಬಾಲ ಕಾಣುವಷ್ಟರಲ್ಲಿ ಅದು ಗುಡ್ಡದ ಹಿಂದೆ ಇರುತ್ತದೆ. ಇನ್ನು ರಾತ್ರಿಯಿಡೀ ಯಾವ ಧೂಮಕೇತು? ಗೇಟಿನ ಹತ್ತಿರ ಕಟ್ಟಿದ್ದ ಬ್ಯಾನರಿನ ಫೋಟೋ ಕೂಡ ಈ ಧೂಮಕೇತುವಿನದಲ್ಲ. ಅದರಲ್ಲಿ ಬಾಲದ ಮೇಲುಗಡೆ ಸಪ್ತರ್ಷಿ ಮಂಡಲ ಚೆನ್ನಾಗಿ ಕಾಣುತ್ತಿತ್ತು. ಸಪ್ತರ್ಷಿಯ ಕೆಳಗೆ ಹಾಗೆ ನಿಂತಿದ್ದು 2020ರ ಜುಲೈನ ನಿಯೋವೈಸ್ ಧೂಮಕೇತು. ನಮ್ಮದು ಇರಬೇಕಾಗಿದ್ದು ಶುಕ್ರನ ಬಲಕ್ಕೆ, ಇನ್ನೂ ಕೆಳಗೆ.

ಇದನ್ನೆಲ್ಲ ಹೇಳಿದರೆ ಗೈಡ್ ಅನ್ನಿಸಿಕೊಂಡ ಹುಡುಗ ಕೇಳಿಸಿಕೊಳ್ಳಲಿಲ್ಲ. ಆರೂಕಾಲು ಹೊತ್ತಿಗೆ 'ಬಂತು ಬಂತು' ಅಂತ ಕೈ ತೋರಿಸಿದ. ಕಿತ್ತಳೆ ಬಣ್ಣದ ಗೆರೆ, ಒಂದು ತುದಿ ಚೂಪು. ಎಲ್ಲರೂ ಚಪ್ಪಾಳೆ ಹೊಡೆದರು, ಮಕ್ಕಳು ಕುಣಿದರು. ಅದು ಎತ್ತರದಲ್ಲಿ ಹೋಗುತ್ತಿದ್ದ ವಿಮಾನದ ಹಿಂದಿನ ಹೊಗೆಯಂಥ ಗೆರೆ, ಮುಳುಗಿದ ಸೂರ್ಯನ ಬೆಳಕು ಬಿದ್ದು ಹೊಳೆಯುತ್ತಿತ್ತು. ಎರಡು ನಿಮಿಷ ನೋಡುತ್ತಾ ನಿಂತರೆ ಗೆರೆ ಮುಂದೆ ಹೋಗೋದು ಕಣ್ಣಿಗೇ ಕಾಣುತ್ತದೆ. ಧೂಮಕೇತು ಹಾಗೆ ಓಡೋದಿಲ್ಲ, ನಕ್ಷತ್ರಗಳ ಜೊತೆಗೇ ನಿಧಾನಕ್ಕೆ ಇಳಿಯುತ್ತದೆ. ಪಾಪ, ಎಷ್ಟೋ ಜನ ಆ ಫೋಟೋವನ್ನೇ ಮನೆಯವರಿಗೆ ಕಳಿಸಿದರು. ಅದನ್ನು ನೋಡಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಆದರೆ ದೊಡ್ಡ ಪೆಟ್ಟು ಬಿದ್ದಿದ್ದು ಲೇಸರಿನಿಂದ. ನಾವು ಹತ್ತಾರು ಜನ ಸಾಲಾಗಿ ಟ್ರೈಪಾಡ್ ನಿಲ್ಲಿಸಿದ್ದೆವು. ನನ್ನದರಲ್ಲಿ 85 ಎಂಎಂ ಲೆನ್ಸ್, ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ) ಪೂರ್ತಿ ತೆರೆದಿತ್ತು, ಗುಡ್ಡದ ಅಂಚಿನಲ್ಲಿ ಬಾಲದ ತುದಿಯಾದರೂ ಸಿಕ್ಕೀತು ಅಂತ ಎರಡೆರಡು ಸೆಕೆಂಡಿನ ಎಕ್ಸ್‌ಪೋಷರ್ ಬಿಡದೆ ಓಡುತ್ತಿತ್ತು. ಆಗ ಆ ಹುಡುಗ ನಮ್ಮ ಎದುರಿಗೇ ಹೋಗಿ ನಿಂತು, ಹಸಿರು ಲೇಸರ್ ಹಿಡಿದು ಶುಕ್ರ ಇಲ್ಲಿ, ಶನಿ ಅಲ್ಲಿ ಅಂತ ತೋರಿಸತೊಡಗಿದ. ಯಾರೋ ಕರೆದರು ಅಂತ ತಿರುಗಿದಾಗ ಕೈಯಲ್ಲಿದ್ದ ಲೇಸರ್ ಆಫ್ ಮಾಡಲೇ ಇಲ್ಲ. ಆ ಬೆಳಕು ಟ್ರೈಪಾಡುಗಳ ಸಾಲಿನ ಮೇಲೆ ಹಾದುಹೋಯಿತು. ಸ್ಕ್ರೀನು ಒಮ್ಮೆ ಹಸಿರಾಯಿತು. ಮುಂದಿನ ಫ್ರೇಮಿನಲ್ಲಿ ಎಡಭಾಗದಲ್ಲಿ ಒಂದು ಬಿಳಿ ಚುಕ್ಕೆ, ಅದರ ಮೂಲಕ ಮೇಲಿಂದ ಕೆಳಗಿನವರೆಗೆ ಕೂದಲೆಳೆಯಷ್ಟು ತೆಳ್ಳಗಿನ ಗೆರೆ. ಲೆನ್ಸ್ ಮುಚ್ಚಿ ತೆಗೆದರೂ ಗೆರೆ ಅಲ್ಲೇ. ಬೇರೆ ಲೆನ್ಸ್ ಹಾಕಿದರೂ ಅಲ್ಲೇ. ಸರ್ವಿಸ್ ಸೆಂಟರಿನವರು ಸೆನ್ಸಾರ್ ಬದಲಾಯಿಸಬೇಕು ಅಂದರು, ಅದಕ್ಕೆ ಹೇಳಿದ ದುಡ್ಡಿಗೆ ಹಳೇ ಕ್ಯಾಮೆರಾ ಬಾಡಿಯೊಂದು ಬರುತ್ತದೆ.

ಲೆನ್ಸಿನ ಕೆಲಸವೇ ಬೆಳಕನ್ನು ಒಂದು ಬಿಂದುವಿಗೆ ತಂದು ಕೂಡಿಸೋದು. ಲೇಸರ್ ನೇರ ಒಳಗೆ ಬಿದ್ದರೆ ಕ್ಷಣದಲ್ಲಿ ಆ ಜಾಗದ ಪಿಕ್ಸೆಲ್ ಸುಟ್ಟುಹೋಗಬಹುದು, ಜೊತೆಗಿರುವ ಸಣ್ಣ ಸರ್ಕ್ಯೂಟ್ ಹೋದರೆ ಇಡೀ ಸಾಲೇ ಹೋಗುತ್ತದೆ. ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಮಕ್ಕಳಿದ್ದರು. ದೇವನಹಳ್ಳಿ ವಿಮಾನ ನಿಲ್ದಾಣವೂ ಅಲ್ಲಿಂದ ಬಹಳ ದೂರವಿಲ್ಲ, ಹಾರುವ ವಿಮಾನದತ್ತ ಲೇಸರ್ ಬಿಡೋದು ಅಪರಾಧ.

ಕ್ಯಾಂಪಿನವರು ಏನಂದರು ಗೊತ್ತಾ? 'ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರಿ ಸರ್.' ದುಡ್ಡು ವಾಪಸ್ ಕೇಳಿದರೆ, ಪ್ರಕೃತಿ ನಮ್ಮ ಕೈಲಿಲ್ಲ ಅಂದರು. ಮೋಡ ಬಂದಿದ್ದರೆ ನಾನೂ ಸುಮ್ನಿರುತ್ತಿದ್ದೆ. ಗುಡ್ಡ ಅವತ್ತು ಬಂದು ಕೂತಿದ್ದಲ್ಲವಲ್ಲ! ಅದೇ ಸಂಜೆ ಹೊಸಕೋಟೆ ಕಡೆ ಒಂದು ಕೆರೆ ಏರಿ ಮೇಲೆ ನಿಂತಿದ್ದ ನನ್ನ ಗೆಳೆಯನಿಗೆ, ನೀರಿನ ಆಚೆ ದಡದ ಮೇಲೆ, ಒಂದು ಪೈಸೆ ಖರ್ಚಿಲ್ಲದೆ ಬಾಲದ ಸಮೇತ ಸಿಕ್ಕಿದೆ. ಆಮೇಲಿನ ವಾರ ಬೆಂಗಳೂರಲ್ಲಿ ಯಾವ ಥರ ಮಳೆ ಹೊಡೆಯಿತು ಅಂತ ಎಲ್ಲರಿಗೂ ಗೊತ್ತು. 17ಕ್ಕೆ ಹುಣ್ಣಿಮೆ ಬೇರೆ. ನನಗಂತೂ ಮತ್ತೆ ಅವಕಾಶ ಸಿಗಲಿಲ್ಲ.

ಹಾಗಾಗಿ ಕ್ಯಾಂಪಿನವರನ್ನು ಮೊದಲು ಒಂದೇ ಪ್ರಶ್ನೆ ಕೇಳಿ: ಅವತ್ತು ಧೂಮಕೇತು ಎಷ್ಟು ಗಂಟೆಗೆ ಮುಳುಗುತ್ತದೆ? ನಿಮಿಷದ ಲೆಕ್ಕದಲ್ಲಿ ಹೇಳದಿದ್ದರೆ ಹೋಗಬೇಡಿ. ಆಮೇಲೆ ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪಿನಲ್ಲಿ ಆ ಜಾಗ, ಆ ದಿನ ಹಾಕಿ ನೀವೇ ನೋಡಿ. ಪಶ್ಚಿಮದ ಕಡೆ ಈಗಲೇ ಒಂದು ವಿಡಿಯೋ ತೆಗೆದು ಕಳಿಸಿ ಅಂತ ಕೇಳಿ, ಬಾಯಿಮಾತು ನಂಬಬೇಡಿ. ಲೇಸರ್ ಇರುತ್ತದೆ ಅಂದರೆ ಕ್ಯಾಮೆರಾಗಳ ಹಿಂದೆ ನಿಂತು ಮಾತ್ರ ಬಳಸಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಅಲ್ಲಿ ಹೋದಮೇಲೆ ಯಾರಾದರೂ ಎದುರಿಗೆ ಲೇಸರ್ ಹಿಡಿದರೆ ನಾಚಿಕೆ ಬೇಡ, ಜೋರಾಗಿ ಕೂಗಿ, ಲೆನ್ಸ್ ಕ್ಯಾಪ್ ಹಾಕಿಬಿಡಿ. ಒಂದು ಫ್ರೇಮ್ ಹೋದರೆ ಹೋಗಲಿ.

ಹಾನಿ ಆಗಿಹೋಗಿದ್ದರೆ ಆ ರಾತ್ರಿಯ ರಾ (RAW) ಫೈಲುಗಳನ್ನು, ಅಂದರೆ ಕ್ಯಾಮೆರಾದ ಮೂಲ ಫೈಲುಗಳನ್ನು, ಒಂದೂ ಅಳಿಸಬೇಡಿ. ಗೆರೆ ಇಲ್ಲದ ಕೊನೆಯ ಫ್ರೇಮು, ಹಸಿರಾದ ಫ್ರೇಮು, ಗೆರೆ ಬಂದ ಮೊದಲ ಫ್ರೇಮು, ಮೂರರಲ್ಲೂ ಸಮಯ ಇರುತ್ತದೆ. ಅದರ ಜೊತೆ ದುಡ್ಡು ಕಟ್ಟಿದ ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನು ದೂರು ಕೊಟ್ಟಿದ್ದೇನೆ. ಅವತ್ತು ಆ ಸಾಲಿನಲ್ಲಿ ನಿಂತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಲೆನ್ಸ್ ಮುಚ್ಚಿ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ನಿಮ್ಮದರಲ್ಲೂ ಗೆರೆ ಇದ್ದರೆ ದಯವಿಟ್ಟು ತಿಳಿಸಿ, ಒಟ್ಟಿಗೆ ದೂರು ಕೊಡೋಣ.