ವಾರಂಟಿಗೆ ಕೊಡೋದಾ, ಲ್ಯಾಮಿಂಗ್ಟನ್ ರೋಡಿಗೆ ಒಯ್ಯೋದಾ?

ಲ್ಯಾಪ್‌ಟಾಪ್ ಕೆಟ್ಟರೆ ಮುಂಬೈಯಲ್ಲಿ ನಮಗೆ ಎರಡು ದಾರಿ. ದುಡ್ಡು ಕೊಟ್ಟು ಪಡೆದ ಎಕ್ಸ್‌ಟೆಂಡೆಡ್ ವಾರಂಟಿ ಒಂದು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಲ್ಯಾಮಿಂಗ್ಟನ್ ರೋಡಿನ ರಿಪೇರಿ ಅಂಗಡಿಗಳು ಇನ್ನೊಂದು.

ಮದರ್‌ಬೋರ್ಡ್ ಅಥವಾ ಡಿಸ್‌ಪ್ಲೇ ತಾನಾಗಿ ಕೆಟ್ಟರೆ ಕಣ್ಣು ಮುಚ್ಚಿ ವಾರಂಟಿಗೇ ಹೋಗಿ. ಖರ್ಚು ಜಾಸ್ತಿ ಬರೋದೇ ಇವಕ್ಕೆ. ಕಳೆದ ಮಳೆಗಾಲದಲ್ಲಿ ನನ್ನ ಲ್ಯಾಪ್‌ಟಾಪ್ ಆನ್ ಆಗಲೇ ಇಲ್ಲ. ಸರ್ವಿಸ್ ಸೆಂಟರಿನ ಹುಡುಗ ಹಿಂದಿನ ಮುಚ್ಚಳ ತೆಗೆದು, ಬೋರ್ಡಿನ ಮೇಲಿದ್ದ ಸಣ್ಣ ಬಿಳಿ ಸ್ಟಿಕರ್ ತೋರಿಸಿದ. ನೀರು ತಾಗಿದ್ದರೆ ಅದು ಕೆಂಪಾಗುತ್ತದೆ. ಬಿಳಿಯಾಗೇ ಇತ್ತು, ಬೋರ್ಡು ಪುಕ್ಕಟೆ ಬದಲಾಯಿತು. ಆದರೆ ಪಾರ್ಟ್ ಬರೋದಕ್ಕೆ 18 ದಿನ ಕಾಯಬೇಕಾಯಿತು.

ಚಹಾ ಚೆಲ್ಲಿದ್ದರೆ, ಲೋಕಲ್ ಟ್ರೈನಿನ ನೂಕುನುಗ್ಗಲಲ್ಲಿ ಸ್ಕ್ರೀನ್ ಒಡೆದಿದ್ದರೆ ಕಥೆ ಬೇರೆ. ಸಾಮಾನ್ಯವಾಗಿ ವಾರಂಟಿಯಲ್ಲಿ ಅದು ಸೇರಲ್ಲ. ಆಕ್ಸಿಡೆಂಟಲ್ ಡ್ಯಾಮೇಜ್ ಕವರ್ ಬೇರೆಯಾಗಿ ತೆಗೆದುಕೊಂಡಿರಬೇಕು. ಬ್ಯಾಟರಿಗೂ ಎಷ್ಟೋ ಪ್ಲಾನ್‌ಗಳಲ್ಲಿ 1 ವರ್ಷ ಮಾತ್ರ. ಇಂಥದ್ದಕ್ಕೆ ಲ್ಯಾಮಿಂಗ್ಟನ್ ರೋಡೇ ವಾಸಿ. ನಾಲ್ಕು ಅಂಗಡಿಯಲ್ಲಿ ರೇಟ್ ಕೇಳಿ. ಹಾಕುವ ಪಾರ್ಟ್ ಒರಿಜಿನಲ್ಲಾ, ಎಷ್ಟು ತಿಂಗಳ ಗ್ಯಾರಂಟಿ ಅಂತ ಬಿಲ್ಲಿನಲ್ಲೇ ಬರೆಸಿ. ಸುಮ್ನೆ ಬಾಯಿಮಾತು ನಂಬಬೇಡಿ. ವಾರಂಟಿ ಇರುವಾಗಲೇ ಹೊರಗೆ ಬಿಚ್ಚಿಸಿದರೆ ಮುಂದೆ ಕಂಪನಿ ತಕರಾರು ತೆಗೆಯಬಹುದು, ಅದೂ ನೆನಪಿರಲಿ.

ಎಲ್ಲಿ ಕೊಟ್ಟರೂ ಮಕ್ಕಳ ಫೋಟೋ, ಆಫೀಸ್ ಫೈಲು ಮೊದಲೇ ಕಾಪಿ ಮಾಡಿಕೊಳ್ಳಿ. ಹೋದ ಡೇಟಾಗೆ ಯಾರೂ ಹೊಣೆ ಹೊರಲ್ಲ. ವಾರಂಟಿ ಇದ್ದೂ ಸತಾಯಿಸಿದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ದೂರು ಹೇಳಬಹುದು.